ಸವೆದ ಅಂಕಿ

ನಮ್ಮ ಮನೆಯ ದೇವರ ಗೂಡಿನ ಮೂಲೆಯಲ್ಲಿ ಒಂದು ಹಿತ್ತಾಳೆ ಬಿಲ್ಲೆಯಿದೆ. ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಮೇಲ್ಗಡೆ ಮೊಳೆಗೆ ತೂಗುಹಾಕಲು ಒಂದು ತೂತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದ ನಮ್ಮ ತಾತನದು ಅದು. ಅದರ ಮೇಲೆ ಕನ್ನಡ ಅಂಕಿಗಳಲ್ಲಿ ಅವರ ನಂಬರು ಕೊರೆದಿದೆ. ಮೊದಲ ಮೂರು ಅಂಕಿಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಕೊನೆಯದು ೩ ಎಂದು ದೊಡ್ಡಪ್ಪ, ೬ ಎಂದು ಅಪ್ಪ. ಕನ್ನಡದಲ್ಲಿ ಆ ಎರಡು ಅಂಕಿಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಬಾಲದ ವ್ಯತ್ಯಾಸ. ಆ ಬಾಲ ಇದ್ದಿರಬಹುದಾದ ಜಾಗವೇ ಸವೆದುಹೋಗಿದೆ. ತಾತ ಕೆಲಸಕ್ಕೆ ಹೋಗುವಾಗ, ಬರುವಾಗ ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರಂತೆ.

ಹಬ್ಬಕ್ಕೆಂದು ಎಲ್ಲರೂ ಸೇರಿದಾಗ ಈ ಮಾತು ಬರದೇ ಇರುವುದಿಲ್ಲ. "ನಾನು ಊಟದ ಕ್ಯಾರಿಯರ್ ಹಿಡ್ಕಂಡು ಗೇಟಿಗೆ ಹೋಗ್ತಿದ್ದೆ, ನಂಬರ್ ಹೇಳಿದ್ರೇನೇ ಒಳಗೆ ಸುದ್ದಿ ಮುಟ್ಟಿಸ್ತಿದ್ರು. ನಂಗೆ ಗೊತ್ತಿಲ್ವಾ, ಮೂರೇ," ಅನ್ನುತ್ತಾರೆ ದೊಡ್ಡಪ್ಪ. "ನೀನು ಹೋಗಿದ್ದು ಎರಡು ವರ್ಷ ಕಣಣ್ಣ. ಆಮೇಲೆ ಆರು ವರ್ಷ ಹೋದೋನು ನಾನು," ಅನ್ನುತ್ತಾರೆ ಅಪ್ಪ. ಇಬ್ಬರದೂ ಕಣ್ಣಾರೆ ಕಂಡ ಸಾಕ್ಷಿ, ಇಬ್ಬರೂ ಸುಳ್ಳು ಹೇಳುವವರಲ್ಲ.

ಮೈಸೂರು ಸಂಸ್ಥಾನದ ಆರ್ಥಿಕ ನೀತಿಯ ಬಗ್ಗೆ ಇತಿಹಾಸಕಾರರು ಬರೆದದ್ದನ್ನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಪ್ರತಿ ಸಲ ಒಂದು ಪುಸ್ತಕ ಮುಚ್ಚಿ ಇನ್ನೊಂದನ್ನು ತೆರೆಯುವಾಗ ನನಗೆ ಆ ಬಿಲ್ಲೆ ನೆನಪಾಗುತ್ತದೆ.

ತಾತ ದುಡಿದ ಆ ಕಾರ್ಖಾನೆಯನ್ನೇ ನೋಡಿ. ಸರ್ ಎಂ. ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಬೇರೂರಿದ ಯೋಜನೆ ಅದು. ಮೈಸೂರಿನಲ್ಲಿ ಅದಿರಿತ್ತು, ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ, ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸುವುದು, ಸೌದೆ ಸುಡುವಾಗ ಬರುವ ಸ್ಪಿರಿಟ್ಟು, ಡಾಂಬರುಗಳನ್ನೂ ಹಿಡಿದು ಮಾರುವುದು ಎಂಬ ಲೆಕ್ಕ. 1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಳ್ಳುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ನಷ್ಟದ ಮೇಲೆ ನಷ್ಟ. ಸಾಕಲಾರದ ಬಿಳಿಯಾನೆ ಎಂಬ ಮಾತು ಆಗಲೇ ಹುಟ್ಟಿತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮತ್ತೆ ಬಂದು 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಕೂತು ಅದನ್ನು ದಡ ಸೇರಿಸಲು ದುಡಿದರು. 1930ರ ದಶಕದಲ್ಲಿ ಉಕ್ಕು, ಸಿಮೆಂಟು ಜೊತೆಗೂಡಿದವು. ಎರಡನೇ ಮಹಾಯುದ್ಧ ಬಂದಾಗ ಕಬ್ಬಿಣ ಬೇಡವೆನ್ನುವವರು ಯಾರೂ ಇರಲಿಲ್ಲ.

1925ರಲ್ಲಿ ಕೇಳಿದ್ದರೆ ತಪ್ಪು ನೀತಿ, 1943ರಲ್ಲಿ ಕೇಳಿದ್ದರೆ ದೂರದೃಷ್ಟಿ. ನಾನು ಹುಡುಗನಾಗಿದ್ದಾಗ ಭದ್ರಾವತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಊರೆಂದರೆ ಕಾರ್ಖಾನೆ, ಸೈರನ್ ಕೂಗಿದರೆ ಬೆಳಗಾಯಿತು ಎಂದರ್ಥ. ಆಮೇಲೆ ಅದು ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರಕ್ಕೆ ಸೇರಿತು. ಕುಲುಮೆ ಹೊತ್ತಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಅದೇ ವರ್ಷ ಒಂದು ಭಾಗ ಮತ್ತೆ ಚಾಲೂ ಆಯಿತು. ಪಕ್ಕದ ಕಾಗದದ ಕಾರ್ಖಾನೆ, 1936ರಲ್ಲಿ ಹುಟ್ಟಿದ್ದು, ಅದಕ್ಕೂ ಮೊದಲೇ ನಿಂತುಹೋಗಿತ್ತು.

ಒಂದೇ ಕುಲುಮೆ, ಒಂದೇ ನಿರ್ಧಾರ. ಯಾವ ವರ್ಷ ನಿಂತು ನೋಡುತ್ತೀರಿ ಎಂಬುದರ ಮೇಲೆ ಅದು ಗೆಲುವೋ ಸೋಲೋ ಆಗುತ್ತ ಹೋಗುತ್ತದೆ. ಕಾರ್ಖಾನೆ ಅನಿತ್ಯ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತು. ಅದರ ಮೇಲೆ ನಾವು ಕೊಟ್ಟ ತೀರ್ಪಿಗೂ ತುಕ್ಕು ಹಿಡಿಯುತ್ತದಲ್ಲ, ಅದು ನನ್ನನ್ನು ನಿದ್ದೆಗೆಡಿಸಿದೆ.

ಇತಿಹಾಸಕಾರರ ಸಾಲು ಹೀಗಿದೆ. 1936ರಲ್ಲಿ ಎಂ. ಶಾಮರಾವ್ ಎರಡು ಸಂಪುಟಗಳಲ್ಲಿ ಆಧುನಿಕ ಮೈಸೂರಿನ ಕಥೆ ಬರೆದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದ ಮೇಲಿದ್ದರು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಮಾದರಿ ಸಂಸ್ಥಾನ ಎಂಬ ಬಿರುದು ಆಗ ಊರೆಲ್ಲ ಒಪ್ಪಿದ ಮಾತು. ನಾಲ್ಕು ದಶಕ ಕಳೆದು, 1977ರಲ್ಲಿ ಜೇಮ್ಸ್ ಮೇನರ್ ಬೇರೆ ಮಾತು ತಂದರು: ಬೆಂಗಳೂರು ಮೈಸೂರುಗಳಲ್ಲಿ ನಡೆಯುತ್ತಿದ್ದ ರಾಜಕಾರಣಕ್ಕೂ ಹಳ್ಳಿಗೂ ನಡುವೆ ಇದ್ದ ನಂಟು ಬಹಳ ತೆಳು, ಹಳ್ಳಿಯಲ್ಲಿ ಭೂಮಿಯುಳ್ಳ ಪ್ರಬಲರ ಆಟ ಅವರ ಪಾಡಿಗೆ ನಡೆದೇ ಇತ್ತು ಎಂದು. ಮರುವರ್ಷ ಸ್ವೀಡನ್ನಿನ ಬ್ಯೋರ್ನ್ ಹೆಟ್ನೆ ಇದನ್ನೇ ಪರೋಕ್ಷ ಆಳ್ವಿಕೆಯ ಚೌಕಟ್ಟಿನಲ್ಲಿಟ್ಟು ನೋಡಿದರು. ದಿವಾನ ಎಷ್ಟು ಜಾಣನಾದರೇನು, ಅವನ ಕೈಗೆ ಬ್ರಿಟಿಷ್ ಸಾಮ್ರಾಜ್ಯ ಕಟ್ಟಿದ ಹಗ್ಗವಿತ್ತಲ್ಲ ಎಂಬುದು ಆ ನೋಟ. ಜಾನಕಿ ನಾಯರ್ 1998ರ ಪುಸ್ತಕದಲ್ಲಿ ಕೋಲಾರದ ಗಣಿ ಮತ್ತು ಬೆಂಗಳೂರಿನ ಗಿರಣಿಗಳ ಕಾರ್ಮಿಕರ ಕಡೆಯಿಂದ ಈ ಕಥೆಯನ್ನು ಕೇಳಿಸಿಕೊಂಡರು. 2011ರಲ್ಲಿ ಮೈಸೂರಿನ ಆಧುನಿಕತೆ ಎಂದರೆ ಏನು ಎಂಬ ಪ್ರಶ್ನೆಯನ್ನೇ ಮತ್ತೆ ಬಿಚ್ಚಿಟ್ಟರು.

ಇವರಲ್ಲಿ ಯಾರ ಮಾತೂ ಗಾಳಿಮಾತಲ್ಲ. ಆದರೆ ಪ್ರತಿಯೊಬ್ಬರ ಪುಟದಲ್ಲೂ ಅವರವರ ಕಾಲದ ಗಾಳಿಯಿದೆ ಅಂತ ನನಗನ್ನಿಸುತ್ತದೆ. ಮೇನರ್ ಮತ್ತು ಹೆಟ್ನೆ ಬರೆದ 1970ರ ದಶಕ ಮುಖ್ಯಮಂತ್ರಿ ದೇವರಾಜ ಅರಸರ ಕಾಲ. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿತ್ತು, ಹಿಂದುಳಿದ ವರ್ಗಗಳ ಬಗ್ಗೆ ಹಾವನೂರರ ವರದಿ 1975ರಲ್ಲಿ ಬಂದಿತ್ತು. ಅರಮನೆಯ ದೀಪಾಲಂಕಾರದಿಂದ ಕಣ್ಣು ತೆಗೆದು ಹಳ್ಳಿಯ ಕತ್ತಲನ್ನು ನೋಡುವುದು ಆಗ ಸುಲಭವಾಗಿತ್ತು. ಗಿರಣಿಗಳ ಬಾಗಿಲು ಒಂದೊಂದಾಗಿ ಮುಚ್ಚತೊಡಗಿದ ಮೇಲೆ ಕಾರ್ಮಿಕರ ಚರಿತ್ರೆಗೆ ಬೇರೆಯೇ ತೂಕ ಬಂತು. ಇವತ್ತು ಬರೆಯುವವರು ಭದ್ರಾವತಿಯ ಕುಲುಮೆ ನುಂಗಿದ ಕಾಡನ್ನು ಮೊದಲು ಎಣಿಸಬಹುದು. ನಾಳೆ ಬರೆಯುವವರು ಯಾವುದನ್ನು ಎಣಿಸುತ್ತಾರೋ.

ಸಂತೆಯಲ್ಲಿ ಕಬ್ಬಿಣದ ತೂಕದ ಬಟ್ಟನ್ನು ಮಗುಚಿ ನೋಡಿದ್ದೀರಾ? ಕೆಳಗೆ ಒಂದು ಗುಳಿ, ಅದರಲ್ಲಿ ಸೀಸ ತುಂಬಿ ಮೇಲೆ ಸರ್ಕಾರದ ಮುದ್ರೆ ಒತ್ತಿರುತ್ತಾರೆ. ಬಟ್ಟು ಸವೆಯುತ್ತದೆ. ಸಾವಿರ ಸಲ ತಟ್ಟೆಗೆ ಬಿದ್ದು ಎದ್ದ ಮೇಲೆ ಕಿಲೋ ಎನ್ನುವುದು ಕಿಲೋ ಆಗಿ ಉಳಿದಿರುವುದಿಲ್ಲ. ಅದಕ್ಕೇ ಕಾಲಕಾಲಕ್ಕೆ ಇಲಾಖೆಯವರು ಬಂದು ಪರೀಕ್ಷೆ ಮಾಡಿ ಹೊಸ ಮುದ್ರೆ ಹಾಕಬೇಕು. ನಮ್ಮೂರಿನ ಬೆಲ್ಲದ ವ್ಯಾಪಾರಿಯೊಬ್ಬರು ಆ ಬಟ್ಟನ್ನು ನನ್ನ ಅಂಗೈ ಮೇಲಿಟ್ಟು, ಮುದ್ರೆಯಲ್ಲಿರುವ ವರ್ಷ ತೋರಿಸಿದ್ದರು. ಅವರು ಮಾಡಿದ್ದು ಇಷ್ಟೇ: ನನ್ನ ಬಟ್ಟು ಯಾವ ವರ್ಷದ್ದು ಅಂತ ನೀವೇ ನೋಡಿಕೊಳ್ಳಿ, ಆಮೇಲೆ ಬೆಲ್ಲ ತಗೊಳ್ಳಿ.

ಇತಿಹಾಸಕಾರರಿಂದ ನಾನು ಬಯಸುವುದೂ ಅದನ್ನೇ. ಬಟ್ಟು ಸವೆಯುತ್ತದೆಂದ ಮಾತ್ರಕ್ಕೆ ತೂಕ ಮಾಡುವುದೇ ವ್ಯರ್ಥ ಎಂದು ಹೇಳುವವರ ಜೊತೆ ನಾನಿಲ್ಲ. ಎಲ್ಲವೂ ಅವರವರ ದೃಷ್ಟಿ, ಯಾರು ಹೇಳಿದ್ದೂ ಸರಿ ಎಂದು ಕೈತೊಳೆದುಕೊಂಡರೆ ಆಳುವವರಿಗೆ ಅದಕ್ಕಿಂತ ಹಿತವಾದ ಮಾತು ಬೇರೊಂದಿಲ್ಲ. ಬಿಲ್ಲೆಯ ಮೇಲೆ ಇದ್ದದ್ದು ಒಂದೇ ಅಂಕಿ. ದೊಡ್ಡಪ್ಪನೋ ಅಪ್ಪನೋ, ಒಬ್ಬರು ತಪ್ಪಿದ್ದಾರೆ.

ನಾಯಕತ್ವದ ವಿಷಯಕ್ಕೆ ಬಂದರೆ ಇದು ಇನ್ನೂ ಕಷ್ಟ. ಶಾಲೆಯಲ್ಲಿ ನಮಗೆ ಕಲಿಸಿದ ವಿಶ್ವೇಶ್ವರಯ್ಯ ಒಬ್ಬರು: ಮುದ್ದೇನಹಳ್ಳಿಯ ಹುಡುಗ, ಕನ್ನಂಬಾಡಿ ಕಟ್ಟೆ, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, ಮಕ್ಕಳಿಗೆ ಕಡ್ಡಾಯ ಶಿಕ್ಷಣದ 1913ರ ಕಾನೂನು. ಕಾಲೇಜಿಗೆ ಬಂದ ಮೇಲೆ ಇನ್ನೊಬ್ಬ ವಿಶ್ವೇಶ್ವರಯ್ಯರ ಪರಿಚಯವಾಯಿತು. ಆಗ ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರ ಆಸುಪಾಸಿನಲ್ಲಿದ್ದ ಬ್ರಾಹ್ಮಣರ ಕೈಯಲ್ಲೇ ದೊಡ್ಡ ಹುದ್ದೆಗಳ ಬಹುಪಾಲು ಇತ್ತು. ಉಳಿದವರು ಪಾಲು ಕೇಳಿದರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿಯನ್ನು 1918ರಲ್ಲಿ ನೇಮಿಸಿದರು. ಹುದ್ದೆಗೆ ಅರ್ಹತೆಯೊಂದೇ ಅಳತೆಯಾಗಬೇಕು, ಆಡಳಿತದ ದಕ್ಷತೆ ಕೆಡಬಾರದು ಎಂದು ನಂಬಿದ್ದ ದಿವಾನರು ಆ ವರ್ಷದ ಕೊನೆಗೆ ಹುದ್ದೆ ಬಿಟ್ಟರು. ಮಿಲ್ಲರ್ ವರದಿ 1919ರಲ್ಲಿ ಬಂತು.

ಈ ಎರಡನೆಯ ಕಥೆ ಗೊತ್ತಾದಾಗ ನನಗೆ ಸಿಟ್ಟು ಬಂದಿತ್ತು. ಗೋಡೆಯ ಮೇಲಿದ್ದ ಪೇಟದ ಚಿತ್ರವನ್ನು ತೆಗೆದು ಅಟ್ಟಕ್ಕೆ ಹಾಕಿದ್ದೆ. ಅಮ್ಮ ಅದನ್ನು ನೋಡಿ, ಏನೂ ಕೇಳದೆ, ಧೂಳು ಒರೆಸಿ ಹಳೆ ಸೀರೆಯೊಂದರಲ್ಲಿ ಸುತ್ತಿಟ್ಟಳು. ಈಗ ಅರವತ್ತರ ಹತ್ತಿರ ಬಂದಿದ್ದೇನೆ. ಚಿತ್ರ ಮತ್ತೆ ಗೋಡೆಗೆ ಬಂದಿಲ್ಲ, ಸಿಟ್ಟು ಮಾತ್ರ ಇಳಿದಿದೆ. ಅರ್ಹತೆ ಎಂಬುದು ಯಾರ ಮನೆಯಲ್ಲಿ ಹುಟ್ಟುತ್ತದೆ, ಯಾರ ಮನೆಗೆ ಅದು ದಾರಿ ಕೇಳಿಕೊಂಡು ಬರಬೇಕು ಎಂಬ ಪ್ರಶ್ನೆಗೆ ಆ ಮಹಾ ಇಂಜಿನಿಯರರ ಲೆಕ್ಕದಲ್ಲಿ ಜಾಗವಿರಲಿಲ್ಲ ಎಂದೇ ನಾನು ಇಂದಿಗೂ ನಂಬುತ್ತೇನೆ. ಆದರೆ ಅವರು ತಂದ ಕಡ್ಡಾಯ ಶಿಕ್ಷಣದ ಕಾನೂನಿನಿಂದ ಯಾವುದೋ ಕೇರಿಯ ಒಂದು ಮಗು ಅಕ್ಷರ ಕಲಿತು, ಅದರ ಮೊಮ್ಮಗಳು ಇವತ್ತು ಅವರನ್ನೇ ಟೀಕಿಸಿ ಪುಸ್ತಕ ಬರೆಯುತ್ತಿರಬಹುದು. ಆ ಮೊಮ್ಮಗಳ ಟೀಕೆ ಸರಿ, ಆ ಕಾನೂನೂ ಸರಿ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಬಿಡಬೇಕು ಅನ್ನುವ ಹಟ ನನಗೆ ಇಪ್ಪತ್ತರಲ್ಲಿ ಇತ್ತು. ನನ್ನ ಬಟ್ಟೂ ಸವೆದಿದೆ ಅಂತ ಕಾಣುತ್ತದೆ.

ಕನ್ನಂಬಾಡಿಯನ್ನು ಕಟ್ಟಿದವರು ಯಾರು ಎಂಬ ಜಗಳವನ್ನೂ ಕೇಳಿರುತ್ತೀರಿ. ವಿಶ್ವೇಶ್ವರಯ್ಯ ಎನ್ನುವವರು, ನಾಲ್ವಡಿಯವರ ಹೆಸರು ಮೊದಲು ಬರಬೇಕು ಎನ್ನುವವರು, ಅಣೆಕಟ್ಟಿನ ಬಳಿ ಇರುವ ಟಿಪ್ಪು ಕಾಲದ ಪರ್ಷಿಯನ್ ಶಾಸನವನ್ನು ತೋರಿಸುವವರು. 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ನಡೆದ ಕೆಲಸದಲ್ಲಿ ಸುರ್ಕಿ ಗಾರೆ ಕಲಸಿದ, ಕಲ್ಲು ಹೊತ್ತ ಕೈಗಳ ಹೆಸರು ಈ ಜಗಳದಲ್ಲಿ ಬರುವುದೇ ಇಲ್ಲ. ನೀರಿನಡಿ ಹೋದ ಊರುಗಳದ್ದೂ ಬರುವುದಿಲ್ಲ. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನ ಹೊಯ್ಸಳರ ಕಾಲದ್ದು. ಜಲಾಶಯ ತುಂಬಿದ ವರ್ಷ ಅದು ಕಾಣುತ್ತಿರಲಿಲ್ಲ, ಬರ ಬಿದ್ದ ವರ್ಷ ಕೆಸರಿನಿಂದ ಮೇಲೆದ್ದು ಬರುತ್ತಿತ್ತು. ಮಂಡ್ಯದ ಗದ್ದೆಗಳು ಒಣಗಿದಾಗ ದೇವರು ಹೊರಗೆ, ಗದ್ದೆಗಳು ಹಸಿರಾದಾಗ ದೇವರು ಒಳಗೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಡಕ್ಕೆ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದ್ದಾರೆ.

ಹಾಗಾದರೆ ಸವೆಯದ ತೂಕ ಎಂಬುದು ಯಾವುದೂ ಇಲ್ಲವೇ? ಇದೆ ಎಂದು ನಾನು ನಂಬುತ್ತೇನೆ. 1871ರ ಜನಗಣತಿಯಲ್ಲಿ ಮೈಸೂರಿನ ಜನ 50 ಲಕ್ಷಕ್ಕೂ ಹೆಚ್ಚು. 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕಡಿಮೆ. ನಡುವೆ ಬಂದದ್ದು ಧಾತು, ಈಶ್ವರ ಸಂವತ್ಸರಗಳ ಬರ. ಆಗ ಮೈಸೂರನ್ನು ಆಳುತ್ತಿದ್ದವರು ನೇರವಾಗಿ ಬ್ರಿಟಿಷರು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸಿದಾಗ ಬರದ ಸಾಲ ಸುಮಾರು 80 ಲಕ್ಷ ರೂಪಾಯಿಯನ್ನೂ ಜೊತೆಗೆ ಕಟ್ಟಿ ಕೊಟ್ಟರು. 1896ರಿಂದ ವರ್ಷಕ್ಕೆ 35 ಲಕ್ಷ ಕಪ್ಪವನ್ನೂ ಎತ್ತಿದರು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ, ಈ ದಿವಾನರೆಲ್ಲರ ರೈಲು, ಕಾಲುವೆ, ಕಾರ್ಖಾನೆಗಳನ್ನು ತೂಗುವಾಗ ತಟ್ಟೆಯ ಕೆಳಗೆ ಈ ನೆಲ ಇದೆ. ಬರದ ಕಾರಣಗಳ ಬಗ್ಗೆ ಎಷ್ಟು ಪಂಥಗಳಾದರೂ ಇರಲಿ. ಮಳೆಯ ಪಾಲೆಷ್ಟು, ಧಾನ್ಯ ವ್ಯಾಪಾರದ ಪಾಲೆಷ್ಟು, ಸರ್ಕಾರದ ಜಿಪುಣತನದ ಪಾಲೆಷ್ಟು ಎಂದು ವಾದ ನಡೆಯಲಿ, ನಡೆಯಬೇಕು. ಹತ್ತು ವರ್ಷದಲ್ಲಿ ಕಾಣೆಯಾದ ಆ ಎಂಟು ಲಕ್ಷಕ್ಕೂ ಮೀರಿದ ಜನ ಯಾವ ಹೊಸ ಪುಸ್ತಕ ಬಂದರೂ ಒಬ್ಬರೂ ಹಗುರಾಗುವುದಿಲ್ಲ. ನೀತಿಯ ಬಗ್ಗೆ ಬರೆದದ್ದನ್ನು ಓದುವಾಗ ನಾನು ಮೊದಲು ಹುಡುಕುವುದು ಈ ಲೆಕ್ಕ ಅದರಲ್ಲಿ ಎಲ್ಲಿದೆ ಎಂದು. ಮೊದಲ ಅಧ್ಯಾಯದಲ್ಲಿದ್ದರೆ ಮುಂದಿನದನ್ನು ನಂಬಿ ಓದುತ್ತೇನೆ. ಅಡಿಟಿಪ್ಪಣಿಯಲ್ಲಿದ್ದರೆ ಪೆನ್ಸಿಲು ತೆಗೆದುಕೊಳ್ಳುತ್ತೇನೆ.

ಕೋಲಾರದ ಚಿನ್ನದ ಬಗ್ಗೆಯೂ ಎರಡು ಮಾತು ಹೇಳಬೇಕು. ಶೇಷಾದ್ರಿ ಅಯ್ಯರ್ ಹದಿನೆಂಟು ವರ್ಷ ದಿವಾನರಾಗಿದ್ದು, ಬೊಕ್ಕಸ ತುಂಬಿಸಿ ಹೋದರು ಎಂಬ ಹೆಸರಿದೆ. ಅದು ಅವರ ಜಾಣತನವೋ, ನೆಲದಡಿಯಿಂದ ಬಂದ ಚಿನ್ನದ ರಾಜಧನವೋ ಎಂಬುದು ಇನ್ನೊಂದು ವಾದ. ಆ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಮುಚ್ಚಿತು. ಸೋಸಿ ಬಿಟ್ಟ ಮಣ್ಣಿನ ಗುಡ್ಡಗಳು ಈಗಲೂ ಅಲ್ಲಿವೆ, ಗಾಳಿ ಬೀಸಿದರೆ ಧೂಳು ಕಾಲೋನಿಯ ಮನೆಗಳ ಮೇಲೆ ಇಳಿಯುತ್ತದೆ. ಚಿನ್ನ ಖರ್ಚಾಗಿ ಹೋಯಿತು, ವಾದ ಉಳಿದಿದೆ, ಧೂಳೂ ಉಳಿದಿದೆ.

ಹೋದ ಚಳಿಗಾಲದಲ್ಲಿ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ದೊಡ್ಡ ಬೆಟ್ಟ ಹತ್ತುವ ಜನರನ್ನು ಬಿಟ್ಟು ಎದುರಿನ ಚಿಕ್ಕಬೆಟ್ಟ ಹತ್ತಿದೆ. ಅಲ್ಲಿ ಬಂಡೆಯ ಮೈಮೇಲೆಯೇ ಸಲ್ಲೇಖನ ಕೈಗೊಂಡವರ ಶಾಸನಗಳಿವೆ. ಏಳನೇ ಶತಮಾನದ ಆಸುಪಾಸಿನ ನಂದಿಸೇನ ಮುನಿಯದ್ದು ಅವುಗಳಲ್ಲೊಂದು. ರೂಪವೂ ಸಂಪತ್ತೂ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ನಿಲ್ಲದೆ ಹೋಗುವುದನ್ನು ಕಂಡು ಆ ಮುನಿ ದೇಹ ಬಿಟ್ಟನೆಂಬುದು ಅದರ ತಾತ್ಪರ್ಯ. ಯಾವುದೂ ನಿಲ್ಲುವುದಿಲ್ಲ ಎಂದು ಹೇಳುವುದಕ್ಕೆ ಇನ್ನೂರು ಮುನ್ನೂರು ವರ್ಷವಾದರೂ ನಿಲ್ಲಲಿ ಎಂದು ಕಲ್ಲನ್ನು ಆರಿಸಿಕೊಂಡಿದ್ದಾರೆ. ಸಾವಿರದ ಮುನ್ನೂರು ವರ್ಷ ನಿಂತಿದೆ.

ಈ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಅಚ್ಚಿಗೆ ತಂದರು. ಆರ್. ನರಸಿಂಹಾಚಾರ್ಯರು ಮತ್ತೆ ಓದಿ, ತಿದ್ದಿ, ಹಲವನ್ನು ಹೊಸದಾಗಿ ಸೇರಿಸಿ ಇನ್ನೊಂದು ಸಲ ತಂದದ್ದು 1923ರಲ್ಲಿ. ಭದ್ರಾವತಿಯ ಕುಲುಮೆ ಹೊತ್ತಿದ್ದೂ ಅದೇ ವರ್ಷ. ಒಂದೇ ಸರ್ಕಾರ, ಒಂದೇ ಬೊಕ್ಕಸ. ಒಂದು ಕೈಯಿಂದ ಕಬ್ಬಿಣ ಕರಗಿಸಲು ಹಣ ಕೊಟ್ಟಿತು, ಇನ್ನೊಂದು ಕೈಯಿಂದ ಸಂಪತ್ತು ಮಂಜಿನಂತೆ ಎಂಬ ಮಾತನ್ನು ಅಚ್ಚುಹಾಕಲು ಹಣ ಕೊಟ್ಟಿತು. ಮೈಸೂರು ಸರ್ಕಾರದ ಆರ್ಥಿಕ ನೀತಿಯ ಪುಸ್ತಕಗಳಲ್ಲಿ ಈ ಎರಡನೆಯ ಖರ್ಚನ್ನು ಎದುರಿಗಿಟ್ಟು ತೂಗಿದವರನ್ನು ನಾನು ಕಂಡಿಲ್ಲ. ಕಾರ್ಖಾನೆ ಕೊಟ್ಟ ಅನ್ನವನ್ನು ನಾನು ಉಂಡಿದ್ದೇನೆ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಆ ಬೊಕ್ಕಸದ ಯಾವ ರೂಪಾಯಿ ಹೆಚ್ಚು ಬಾಳಿತು ಎಂದು ಯಾರಾದರೂ ಕೇಳಿದರೆ ನನ್ನ ಕೈ ಚಿಕ್ಕಬೆಟ್ಟದ ಕಡೆಗೇ ಏಳುತ್ತದೆ.

ಬಂಡೆಯ ಮೇಲೆ ಬಗ್ಗಿ ಆ ಅಕ್ಷರಗಳನ್ನು ನೋಡಿದೆ. ಕೆಲವು ಶಾಸನಗಳಿಗೆ ಗಾಜು ಹೊದಿಸಿದ್ದಾರೆ, ಕೆಲವು ಬಿಸಿಲಿಗೆ ಬಿಟ್ಟಂತೆಯೇ ಇವೆ. ಪಕ್ಕದಲ್ಲಿ ಒಬ್ಬ ಹುಡುಗ ಬೆರಳಿನಿಂದ ಒಂದು ಅಕ್ಷರದ ಗೀರನ್ನು ತೀಡುತ್ತಿದ್ದ. "ಮುಟ್ಟಬೇಡ ಕಣೋ," ಅಂದಳು ಅವನ ಅಕ್ಕ. "ಓದ್ತಿದೀನಿ," ಅಂದ ಅವನು.

ಊರಿಗೆ ಬಂದ ಮೇಲೆ ಬಿಲ್ಲೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ದೊಡ್ಡಪ್ಪನೂ ಅಪ್ಪನೂ ಇಷ್ಟು ವರ್ಷ ತಮ್ಮ ತಮ್ಮ ಮಾತು ಸಾಧಿಸಲು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ, ಪಂಚೆಯ ಅಂಚಿನಿಂದ ಒರೆಸಿದ್ದಾರೆ, ಹೆಬ್ಬೆರಳಿನಿಂದ ತಡವಿ ನೋಡಿದ್ದಾರೆ. ಕೊನೆಯ ಅಂಕಿಯ ಪಕ್ಕದಲ್ಲಿದ್ದ ಅಂಕಿ ನಾನು ಚಿಕ್ಕವನಿದ್ದಾಗ ಸ್ಪಷ್ಟವಾಗಿತ್ತು. ಈಗ ಅದರ ಮೇಲ್ತುದಿಯ ಹತ್ತಿರ ಸ್ವಲ್ಪ ನುಣುಪಾಗಿದೆ. ನಾನೂ ಒಂದು ಸಲ ಹೆಬ್ಬೆರಳು ಆಡಿಸಿ ನೋಡಿ, ಗೂಡಿಗೆ ವಾಪಸ್ಸಿಟ್ಟೆ.